ಅಮಾನತಾದ ಲೈಸೆನ್ಸು, ಚಾಲ್ತಿಯಲ್ಲಿರುವ ಪಾಲಿಸಿ: ಮೋಟಾರು ವಿಮೆಯ ಒಂದು ಒಳಸುಳಿ

1. ಪ್ರಶ್ನೆ

ಚಾಲನಾ ಪರವಾನಗಿ ಅಮಾನತಿನಲ್ಲಿರುವಾಗ ಕಾರಿಗೆ ವಿಮೆ ಮಾಡಿಸಲು ಬರುತ್ತದೆಯೇ? ಆರ್‌ಟಿಒ ಕಚೇರಿಯ ಆಸುಪಾಸಿನ ಏಜೆಂಟರನ್ನು ವಿಚಾರಿಸಿದರೆ ‘ಅದಕ್ಕೇನಂತೆ, ಗಾಡಿ ನಂಬರು ಹೇಳಿ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಕಾನೂನಿನ ಪ್ರಕಾರ ಆ ಉತ್ತರ ಸರಿಯೇ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಬಳಕೆಯಾಗುವ ವಾಹನಕ್ಕೆ ವಿಮೆ ಇರಬೇಕೆನ್ನುತ್ತದೆ. ಮಾಲೀಕನ ಜೇಬಿನಲ್ಲಿ ಲೈಸೆನ್ಸು ಇರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಜನ್ಮದಲ್ಲಿ ಸ್ಟೀರಿಂಗ್ ಹಿಡಿಯದವರೂ ಕಾರು ಇಟ್ಟುಕೊಂಡು ಚಾಲಕನನ್ನು ನೇಮಿಸಿಕೊಳ್ಳಬಹುದು. ಕಂಪನಿಗಳ ಹೆಸರಿನಲ್ಲಿಯೂ ಕಾರುಗಳಿವೆ.

ಆದರೆ ಪಾಲಿಸಿ ಸಿಗುವುದು ಒಂದು ವಿಚಾರ, ಅಪಘಾತವಾದ ದಿನ ಅದು ಕೈಹಿಡಿಯುವುದು ಬೇರೆಯೇ ವಿಚಾರ. ಈ ಟಿಪ್ಪಣಿಯ ವಾದ ಇಷ್ಟು: ಭಾರತದಲ್ಲಿ ಲೈಸೆನ್ಸಿನ ಅಮಾನತು ವಿಮೆ ಕೊಳ್ಳುವಾಗ ಹೆಚ್ಚುಕಡಿಮೆ ಕಣ್ಣಿಗೇ ಬೀಳುವುದಿಲ್ಲ, ಕ್ಲೇಮಿನ ಹೊತ್ತಿಗೆ ಎದ್ದು ನಿಲ್ಲುತ್ತದೆ. ಅಲ್ಲಿಯೂ ಅದರ ಪರಿಣಾಮ ಪಾಲಿಸಿಯ ಎಲ್ಲ ಭಾಗಗಳ ಮೇಲೆ ಒಂದೇ ತೆರನಾಗಿಲ್ಲ. ದಾರಿಹೋಕನಿಗೆ ಸಲ್ಲಬೇಕಾದ ಪರಿಹಾರದ ಮೇಲೆ ಒಂದು ರೀತಿ, ಸ್ವಂತ ಕಾರಿನ ರಿಪೇರಿಯ ಮೇಲೆ ಇನ್ನೊಂದು ರೀತಿ, ಮಾಲೀಕನ ಸ್ವಂತ ಜೀವದ ಮೇಲಿನ ಮೊತ್ತದ ಮೇಲೆ ಮತ್ತೊಂದು ರೀತಿ. ಈ ಮೂರನ್ನು ಬಿಡಿಸಿ ನೋಡದೆ ‘ವಿಮೆ ಇದೆ’ ಎಂದಾಗಲಿ ‘ವಿಮೆ ಬರುವುದಿಲ್ಲ’ ಎಂದಾಗಲಿ ಹೇಳುವ ಹಾಗಿಲ್ಲ.

2. ಅಮಾನತು ಯಾವ ಗಳಿಗೆಯಿಂದ?

ಲೈಸೆನ್ಸಿನ ಮೇಲೆ ಕ್ರಮ ಜರುಗಿಸುವ ಅಧಿಕಾರ ಕಾಯ್ದೆಯಲ್ಲಿ ಹಲವು ಕಡೆ ಹಂಚಿಕೊಂಡಿದೆ. 19ನೇ ಕಲಂ ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ವ್ಯವಹಾರದಲ್ಲಿ ಆರ್‌ಟಿಒಗೆ, ಚಾಲಕನನ್ನು ಒಂದು ಅವಧಿಗೆ ಅನರ್ಹಗೊಳಿಸುವ (ರೂಢಿಯಲ್ಲಿ ‘ಅಮಾನತು’ ಎನ್ನುವುದು ಇದನ್ನೇ) ಇಲ್ಲವೆ ಲೈಸೆನ್ಸು ರದ್ದು ಮಾಡುವ ಅಧಿಕಾರ ಕೊಡುತ್ತದೆ. 20ನೇ ಕಲಂ ನ್ಯಾಯಾಲಯಕ್ಕೆ ಅಂಥದೇ ಅಧಿಕಾರ ಕೊಡುತ್ತದೆ. ಅಪಾಯಕಾರಿ ಚಾಲನೆಗಾಗಿ ಹಿಂದೆ ಶಿಕ್ಷೆಯಾದವನ ಮೇಲೆ ಅಂಥದೇ ಚಾಲನೆಯಿಂದ ಸಾವು ಇಲ್ಲವೆ ತೀವ್ರ ಗಾಯವಾದ ಹೊಸ ಪ್ರಕರಣ ದಾಖಲಾದರೆ 21ನೇ ಕಲಂ ಅನ್ವಯವಾಗುತ್ತದೆ. ಅಮಾನತಿನ ಅವಧಿಯಲ್ಲಿ ಆ ಲೈಸೆನ್ಸಿಗೆ ಬಲವಿಲ್ಲ ಎನ್ನುವುದು 23ನೇ ಕಲಂ. ಆ ಅವಧಿಯಲ್ಲಿ ವಾಹನ ಓಡಿಸಿದರೆ 182ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡ 500 ರೂಪಾಯಿಯಷ್ಟೇ ಇತ್ತು.

ಅಮಾನತುಗಳು ದೊಡ್ಡ ಪ್ರಮಾಣದಲ್ಲಿ ಶುರುವಾಗಲು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಕಾರಣ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಈ ಸಮಿತಿ 2015ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಅತಿವೇಗ, ಕೆಂಪು ದೀಪ ದಾಟುವುದು, ಸರಕು ವಾಹನದಲ್ಲಿ ಅತಿಭಾರ, ಸರಕು ವಾಹನದಲ್ಲಿ ಜನರ ಸಾಗಣೆ, ಕುಡಿದು ಚಾಲನೆ, ಚಾಲನೆ ಮಾಡುತ್ತ ಮೊಬೈಲ್ ಬಳಕೆ: ಇವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸು ಅಮಾನತು ಮಾಡಬೇಕೆಂದು. 2019ರ ತಿದ್ದುಪಡಿ ಇದಕ್ಕೆ ಶಾಸನದ ಬಲ ಕೊಟ್ಟಿತು. ಪೊಲೀಸರು ವಶಪಡಿಸಿಕೊಂಡು ಕಳಿಸಿದ ಲೈಸೆನ್ಸಿನ ವಿಷಯದಲ್ಲಿ ಪ್ರಾಧಿಕಾರ ಅಹವಾಲು ಕೇಳಿ, ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯದಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು.

ವಿಮೆಯ ದೃಷ್ಟಿಯಿಂದ ಸೂಕ್ಷ್ಮವಾದ ಜಾಗ ಇರುವುದು ಇಲ್ಲಿಯೇ. ರಸ್ತೆಯಲ್ಲಿ ಲೈಸೆನ್ಸು ಕಿತ್ತುಕೊಂಡ ದಿನಕ್ಕೂ ಆರ್‌ಟಿಒ ಆದೇಶ ಹೊರಡುವ ದಿನಕ್ಕೂ ನಡುವೆ ಸಾಕಷ್ಟು ಅಂತರ ಇರಬಹುದು. ಆ ಅಂತರದಲ್ಲಿ ಚಾಲಕನ ಕೈಯಲ್ಲಿ ಇರುವುದು ಪೊಲೀಸರು ಕೊಟ್ಟ ತಾತ್ಕಾಲಿಕ ಸ್ವೀಕೃತಿ ಚೀಟಿ. 206ನೇ ಕಲಮಿನಲ್ಲಿ ಇಂಥ ಚೀಟಿ ಎರಡು ಬಗೆ. ಮೂರನೇ ಉಪಕಲಮಿನಡಿ ಕೊಟ್ಟ ಚೀಟಿ ಲೈಸೆನ್ಸು ಮರಳುವವರೆಗೆ ಅಥವಾ ಅದರಲ್ಲಿ ನಮೂದಿಸಿದ ದಿನದವರೆಗೆ ವಾಹನ ಓಡಿಸಲು ಅನುಮತಿ ಕೊಡುತ್ತದೆ. 2019ರಲ್ಲಿ ಸೇರಿಸಿದ ನಾಲ್ಕನೇ ಉಪಕಲಮಿನಡಿ, ಅಂದರೆ ಅತಿವೇಗ, ಅಪಾಯಕಾರಿ ಚಾಲನೆ, ಕುಡಿತ ಮುಂತಾದ ಆರೋಪದ ಮೇಲೆ ವಶಪಡಿಸಿಕೊಂಡಾಗ ಕೊಟ್ಟ ಚೀಟಿ ಆ ಅನುಮತಿ ಕೊಡುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ನೋಡಲು ಎರಡೂ ಒಂದೇ ಥರದ ಕಾಗದ. ಒಂದನ್ನು ಹಿಡಿದುಕೊಂಡು ಕಾರು ಓಡಿಸುವುದು ಸಕ್ರಮ, ಇನ್ನೊಂದನ್ನು ಹಿಡಿದುಕೊಂಡು ಓಡಿಸುವುದು ಅಕ್ರಮ.

ಎರಡನೇ ಬಗೆಯ ಚೀಟಿ ಇಟ್ಟುಕೊಂಡು ಕಾರು ಓಡಿಸಿದಾಗ ಅಪಘಾತವಾದರೆ? ಅನರ್ಹತೆಯ ಆದೇಶ ಇನ್ನೂ ಹೊರಟಿಲ್ಲವಾದ್ದರಿಂದ ‘ಅನರ್ಹನಾಗಿದ್ದ ಅವಧಿ’ ಎನ್ನಲು ಬರುವುದಿಲ್ಲ. ಲೈಸೆನ್ಸಿನ ಅವಧಿ ಮುಗಿದಿಲ್ಲವಾದ್ದರಿಂದ ‘ಲೈಸೆನ್ಸೇ ಇಲ್ಲದವನು’ ಎನ್ನುವುದೂ ಕಷ್ಟ. ಆದರೂ ಚಾಲನೆಗೆ ಅನುಮತಿ ಇರಲಿಲ್ಲ. ನನ್ನ ಓದಿನಲ್ಲಿ, ಮೂರನೇ ವ್ಯಕ್ತಿಯ, ಅಂದರೆ ದಾರಿಹೋಕನಂಥವನ, ಪರಿಹಾರದ ವಿಷಯದಲ್ಲಿ ಈ ನಡುಗಾಲವನ್ನು ಅನರ್ಹತೆಯೊಳಗೆ ಎಳೆದು ತರಲು ಆಸ್ಪದ ಕಡಿಮೆ. ವಿಮಾ ಕಂಪನಿಯ ರಕ್ಷಣೆಗಳನ್ನು ಕಾಯ್ದೆ ಎಣಿಸಿ ಕೊಟ್ಟಿದೆ. ಅವನ್ನು ಹಿಗ್ಗಿಸಿ ಓದುವ ಪರಿಪಾಠ ನ್ಯಾಯಾಲಯಗಳಲ್ಲಿ ಇಲ್ಲ. ಸ್ವಂತ ಹಾನಿಯ ಕ್ಲೇಮಿನಲ್ಲಿ ಮಾತ್ರ ಪಾಲಿಸಿಯ ಕರಾರು ‘ಬಲವುಳ್ಳ ಲೈಸೆನ್ಸು’ ಕೇಳುವುದರಿಂದ ಕಂಪನಿ ತಕರಾರು ಎತ್ತಬಹುದು.

ಇನ್ನೊಂದು ಮಾತು. ವಶಪಡಿಸಿಕೊಳ್ಳುವುದೇ ಅಮಾನತು ಎಂದು ತಿಳಿಯುವುದು ಸಾಮಾನ್ಯ. ಪೊಲೀಸರಿಗೆ ಲೈಸೆನ್ಸು ವಶಪಡಿಸಿಕೊಂಡು ಕಳಿಸುವ ಅಧಿಕಾರವಿದೆಯೇ ಹೊರತು ಅಮಾನತು ಮಾಡುವ ಅಧಿಕಾರವಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಕ್ಲೇಮಿನ ಕಡತದಲ್ಲಿ ಮೊದಲು ನೋಡಬೇಕಾದದ್ದು ಪ್ರಾಧಿಕಾರದ ಆದೇಶದ ದಿನಾಂಕ. ಚಲನ್ನಿನ ದಿನಾಂಕ ಆ ಕೆಲಸಕ್ಕೆ ಬರುವುದಿಲ್ಲ.

3. ಕೊಳ್ಳುವ ಹೊತ್ತು: ಎಂಜಿನ್ನಿನ ಬೆಲೆ

ನವೀಕರಣದ ಪಟ್ಟಿಯನ್ನೊಮ್ಮೆ ಸಾಲುಸಾಲಾಗಿ ಓದಿದರೆ ನಮ್ಮ ವಿಮೆ ಯಾರನ್ನು ಅಳೆಯುತ್ತದೆ ಎಂಬುದು ತಿಳಿಯುತ್ತದೆ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ನಿಗದಿ ಮಾಡುವ ದರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ 1,000 ಸಿಸಿ ಮೀರದ ಖಾಸಗಿ ಕಾರಿಗೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ. ಮೂವತ್ತು ವರ್ಷ ಒಂದು ಗೀರೂ ಆಗದಂತೆ ಓಡಿಸಿದವರಿಗೂ, ಮೂರು ತಿಂಗಳ ಅಮಾನತು ಮುಗಿಸಿ ನಿನ್ನೆ ಬಂದವರಿಗೂ ಒಂದೇ ದರ. ಲೆಕ್ಕಕ್ಕೆ ಬರುವುದು ಎಂಜಿನ್ನಿನ ಗಾತ್ರ.

ಸ್ವಂತ ಹಾನಿಯ ಪ್ರೀಮಿಯಂ 2007ರಿಂದ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಅಲ್ಲಿಯೂ ಮುಖ್ಯವಾಗಿ ನೋಡುವುದು ಕಾರಿನ ಮಾದರಿ, ವಯಸ್ಸು, ನೋಂದಣಿಯಾದ ಊರು, ಘೋಷಿತ ಮೌಲ್ಯ. ಈ ಭಾಗದಲ್ಲಿ ಮನುಷ್ಯನನ್ನು ಹಿಂಬಾಲಿಸುವ ಅಂಶ ಒಂದಿದೆ, ನೋ ಕ್ಲೇಮ್ ಬೋನಸ್. ಶೇ. 20ರಿಂದ ಶುರುವಾಗಿ 50ರವರೆಗೆ ಏರುವ ಈ ರಿಯಾಯಿತಿ ಕಾರಿಗೆ ಅಂಟಿಕೊಳ್ಳದೆ ಮಾಲೀಕನ ಜೊತೆ ಹೊಸ ಕಾರಿಗೂ ಬರುತ್ತದೆ. ಆದರೆ ಅದು ಎಣಿಸುವುದು ಕ್ಲೇಮುಗಳನ್ನು. ಕುಡಿದು ಸಿಕ್ಕಿಬಿದ್ದು ಲೈಸೆನ್ಸು ಕಳೆದುಕೊಂಡವನು ಕ್ಲೇಮು ಹಾಕಿಲ್ಲವಾದರೆ ಅವನ ಬೋನಸ್ಸು ಬೆಳೆಯುತ್ತಲೇ ಹೋಗುತ್ತದೆ.

ಈ ಬೋನಸ್ಸಿಗೂ ಅಮಾನತಿಗೂ ಇನ್ನೊಂದು ನಂಟಿದೆ. ‘ಹೇಗೂ ಮೂರು ತಿಂಗಳು ಕಾರು ಮುಟ್ಟುವ ಹಾಗಿಲ್ಲ, ಪಾಲಿಸಿ ಆಮೇಲೆ ನೋಡಿಕೊಂಡರಾಯಿತು’ ಎಂದು ಕೆಲವರು ನವೀಕರಣವನ್ನು ಮುಂದೂಡಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ಸು ಹೋಗುತ್ತದೆ. ಅಮಾನತಿನ ಸಾಮಾನ್ಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಶೇ. 50ರ ರಿಯಾಯಿತಿ ಇದ್ದವರು ಲೈಸೆನ್ಸು ಮರಳುವ ವಾರದಲ್ಲೇ ಅದನ್ನು ಕಳೆದುಕೊಂಡು ಕೂರಬಹುದು. ಪಾಲಿಸಿ ಕಡಿದುಹೋದ ಕಾರಿಗೆ ಮತ್ತೆ ಪೂರ್ಣ ವಿಮೆ ಕೊಡುವ ಮುನ್ನ ಕಂಪನಿಗಳು ತಪಾಸಣೆಯನ್ನೂ ಕೇಳುತ್ತವೆ. ಈ ನಡುವೆ ಮನೆಯ ಬೇರೆಯವರು ಕಾರನ್ನು ರಸ್ತೆಗಿಳಿಸಿದರೆ 196ನೇ ಕಲಮಿನಡಿ ಮೊದಲ ಸಲಕ್ಕೆ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ; ಸೆರೆಗೂ ಅವಕಾಶವಿದೆ.

ಕೊಳ್ಳುವಾಗ ಲೈಸೆನ್ಸು ನೇರವಾಗಿ ಅಡ್ಡ ಬರುವ ಜಾಗ ಒಂದೇ, ಮಾಲೀಕ-ಚಾಲಕನ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ. 2018ರಿಂದ ಇದರ ಮೊತ್ತ 15 ಲಕ್ಷ ರೂಪಾಯಿ. ಮಾಲೀಕನ ಬಳಿ ಬಲವುಳ್ಳ ಲೈಸೆನ್ಸು ಇಲ್ಲದಿದ್ದರೆ ಈ ವಿಮೆ ಕೊಡಲು ಬರುವುದಿಲ್ಲ ಎಂಬುದು ಹಿಂದಿನ ಮೋಟಾರು ದರಸೂಚಿಯ ಕಾಲದಿಂದ ಬಂದ ನಿಯಮ. ಆನ್‌ಲೈನ್ ನವೀಕರಣದಲ್ಲಿ ಈ ಸಾಲನ್ನು ತೆಗೆದುಹಾಕಲು ಹೊರಟರೆ ‘ಕಾರಣ ಏನು’ ಎಂದು ಕೇಳುವ ಪುಟ್ಟ ಪಟ್ಟಿಯಲ್ಲಿ ‘ಸಿಂಧು ಲೈಸೆನ್ಸು ಇಲ್ಲ’ ಎಂಬುದೂ ಒಂದು ಆಯ್ಕೆಯಾಗಿರುತ್ತದೆ. ಅಮಾನತಾದವರು ಅದನ್ನು ಗಮನಿಸದೆ ದುಡ್ಡು ಕಟ್ಟಿಬಿಡಬಹುದು. ಅಮಾನತಿನ ಅವಧಿಯಲ್ಲಿ ತಾವೇ ಓಡಿಸಿ ಪ್ರಾಣ ಹೋದರೆ ಮನೆಯವರಿಗೆ ಆ 15 ಲಕ್ಷ ಸಿಗುವ ಭರವಸೆ ಇಲ್ಲ.

ತಪ್ಪು ಮಾಡಿದವನಿಗೆ ಪ್ರೀಮಿಯಂ ಏರಿಸುವ ಯೋಚನೆ ನಮ್ಮಲ್ಲಿ ಬಂದೇ ಇಲ್ಲ ಎಂದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ನೇಮಿಸಿದ ಕಾರ್ಯತಂಡ 2021ರ ಜನವರಿಯಲ್ಲಿ ‘ಸಂಚಾರ ಉಲ್ಲಂಘನೆ ಪ್ರೀಮಿಯಂ’ ಎಂಬ ಐದನೇ ಭಾಗವನ್ನು ಪಾಲಿಸಿಗೆ ಸೇರಿಸುವ ಸಲಹೆ ಮುಂದಿಟ್ಟಿತು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಅಂಕ, ಹೀಗೆ ಅಂಕ ಕೂಡಿಸಿ ಹೆಚ್ಚುವರಿ ಹಣ ವಸೂಲು ಮಾಡುವ ಲೆಕ್ಕ. ದೆಹಲಿಯಲ್ಲಿ ಪ್ರಯೋಗ ಮಾಡುವ ಆಲೋಚನೆಯಿತ್ತು. ಆ ಸಲಹೆಯಲ್ಲಿಯೂ ಹಣ ತೆರಬೇಕಾದವನು ವಾಹನದ ಮಾಲೀಕ. ಚಾಲಕನ ತಪ್ಪು ಕೊನೆಗೆ ಬಂದು ಕೂರುವುದು ಕಾರಿನ ನಂಬರಿನ ಮೇಲೆಯೇ.

4. ದಾರಿಹೋಕನ ಪರಿಹಾರ

ಈಗ ಕ್ಲೇಮಿನ ಕಡೆಗೆ. ಭಾರತದಲ್ಲಿ ಕಡ್ಡಾಯ ಮೋಟಾರು ವಿಮೆ 1939ರ ಕಾಯ್ದೆಯ ಎಂಟನೇ ಅಧ್ಯಾಯವಾಗಿ ಬಂದು 1946ರಲ್ಲಿ ಜಾರಿಯಾಯಿತು. ಬ್ರಿಟನ್ನಿನ 1930 ಮತ್ತು 1934ರ ರಸ್ತೆ ಸಂಚಾರ ಕಾಯ್ದೆಗಳೇ ಅದಕ್ಕೆ ಮಾದರಿ. ಲೈಸೆನ್ಸಿಲ್ಲದವನು ಅಥವಾ ಅನರ್ಹನಾದವನು ಓಡಿಸುತ್ತಿದ್ದ ಎಂಬುದು ಅಂದಿನಿಂದಲೂ ವಿಮಾ ಕಂಪನಿಗೆ ಸಿಗುವ ರಕ್ಷಣೆ. 1988ರ ಕಾಯ್ದೆಯಲ್ಲಿ ಅದು 149ನೇ ಕಲಮಾಗಿತ್ತು. 2022ರ ಏಪ್ರಿಲ್ 1ರಿಂದ 150ನೇ ಕಲಮಾಗಿದೆ. ಹೊಸ ರೂಪದಲ್ಲಿ ಕುಡಿದು ಓಡಿಸುವುದೂ ಅದೇ ಸಾಲಿಗೆ ಸೇರಿದೆ.

ಈ ರಕ್ಷಣೆಯನ್ನು ನ್ಯಾಯಾಲಯಗಳು ಅಕ್ಷರಶಃ ಓದಲಿಲ್ಲ. 1987ರ ಸ್ಕಾಂಡಿಯಾ ಪ್ರಕರಣದಲ್ಲಿ ಲೈಸೆನ್ಸುಳ್ಳ ಲಾರಿ ಚಾಲಕ ಎಂಜಿನ್ ಚಾಲೂ ಇಟ್ಟು, ಕೀಲಿಯನ್ನೂ ಬಿಟ್ಟು, ಎದುರಿನ ಅಂಗಡಿಗೆ ತಿಂಡಿ ತರಲು ಹೋಗಿದ್ದ. ಲಾರಿಯಲ್ಲಿದ್ದ ಕ್ಲೀನರ್ ಅದನ್ನು ಓಡಿಸಿದ, ಸಾವು ಸಂಭವಿಸಿತು. ಕ್ಲೀನರಿಗೆ ಲೈಸೆನ್ಸು ಇರಲಿಲ್ಲ. ಮಾಲೀಕ ತನ್ನ ಕಡೆಯಿಂದ ಲೈಸೆನ್ಸುಳ್ಳವನನ್ನೇ ನೇಮಿಸಿದ್ದನಾದ್ದರಿಂದ ಕರಾರು ಮುರಿದವನು ಅವನಲ್ಲ, ಕಂಪನಿಯೇ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಈ ದಾರಿಯನ್ನು ಮುಂದುವರಿಸಿದ್ದು 2004ರ ಜನವರಿ 5ರ ಸ್ವರಣ್ ಸಿಂಗ್ ತೀರ್ಪು. ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದರ ಸಾರ ಮೂರು ಅಂಶಗಳಲ್ಲಿದೆ. ಲೈಸೆನ್ಸು ಇಲ್ಲ, ನಕಲಿ, ಅಥವಾ ಚಾಲಕ ಅನರ್ಹ ಎಂದು ತೋರಿಸಿದ ಮಾತ್ರಕ್ಕೆ ಮೂರನೇ ವ್ಯಕ್ತಿಯ ಎದುರು ಕಂಪನಿ ಪಾರಾಗುವುದಿಲ್ಲ. ಮಾಲೀಕ ನಿರ್ಲಕ್ಷ್ಯದಿಂದ, ತಕ್ಕ ಎಚ್ಚರ ವಹಿಸದೆ ಕರಾರು ಮುರಿದ ಎಂದು ಕಂಪನಿಯೇ ಸಾಬೀತು ಮಾಡಬೇಕು. ಅದರ ಜೊತೆಗೆ, ಆ ಉಲ್ಲಂಘನೆಗೂ ಅಪಘಾತಕ್ಕೂ ಮೂಲಭೂತ ಸಂಬಂಧ ಇರಬೇಕು. ಯಾಂತ್ರಿಕ ದೋಷದಿಂದಲೇ ಅಪಘಾತವಾಗಿದ್ದರೆ ಲೈಸೆನ್ಸಿನ ಕೊರತೆ ಕಂಪನಿಯ ನೆರವಿಗೆ ಬಾರದು. ಇಷ್ಟೆಲ್ಲ ಸಾಬೀತಾದರೂ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. ವಕೀಲರ ಬಾಯಲ್ಲಿ ಇದು ‘ಪೇ ಅಂಡ್ ರಿಕವರಿ’.

ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರ ಮೇ ತಿಂಗಳಲ್ಲಿ ಯಲ್ಲವ್ವ ಪ್ರಕರಣದಲ್ಲಿ ಇದನ್ನು ಇನ್ನೂ ಖಚಿತಪಡಿಸಿತು. ಲೈಸೆನ್ಸಿನಂಥ ಕರಾರಿನ ಉಲ್ಲಂಘನೆಯನ್ನು ಕಂಪನಿ ಯಶಸ್ವಿಯಾಗಿ ಸಾಬೀತು ಮಾಡಿದರೂ ಮೂರನೇ ವ್ಯಕ್ತಿಗೆ ಹಣ ಕೊಡಲೇಬೇಕು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂದಿತು. ಪೀಠ ವ್ಯಾಖ್ಯಾನಿಸಿದ್ದು ಹಳೆಯ 149ನೇ ಕಲಮನ್ನು. 2022ರ ನಂತರದ ಅಪಘಾತಗಳಿಗೆ ಈ ತೀರ್ಪನ್ನು ಉಲ್ಲೇಖಿಸುವಾಗ ಆ ಎಚ್ಚರ ಬೇಕು.

ಅಮಾನತಿಗೆ ಇದನ್ನು ಅನ್ವಯಿಸಿದಾಗ ಎರಡು ಸನ್ನಿವೇಶಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಕಾರಿನ ಮಾಲೀಕನ ಚಾಲಕ ತನ್ನ ಲೈಸೆನ್ಸು ಅಮಾನತಾದುದನ್ನು ಮುಚ್ಚಿಟ್ಟು ಕೆಲಸಕ್ಕೆ ಬಂದಿದ್ದರೆ ಮಾಲೀಕನಿಗೆ ‘ನನಗೆ ಗೊತ್ತಿರಲಿಲ್ಲ, ಕೆಲಸಕ್ಕೆ ಸೇರಿಸುವಾಗ ನೋಡಿದ್ದೆ’ ಎನ್ನಲು ದಾರಿಯಿದೆ. ಮಾಲೀಕನೇ ಚಾಲಕನಾಗಿದ್ದರೆ ಆ ದಾರಿ ಮುಚ್ಚಿದೆ. ಅಮಾನತಿನ ಆದೇಶ ತಲುಪಿದ್ದು ಅವನಿಗೇ. ತಿಳಿದೂ ಓಡಿಸಿದವನು ಎಚ್ಚರ ವಹಿಸಿದ್ದೆ ಎನ್ನಲಾರ. ಗಾಯಾಳುವಿಗೆ ಹಣ ಸಿಗುತ್ತದೆ, ಆದರೆ ಅದರ ಕೊನೆಯ ಹೊರೆ ಮಾಲೀಕನ ಮೇಲೆಯೇ ಬೀಳುತ್ತದೆ. ಸಾವಿನ ಪ್ರಕರಣದಲ್ಲಿ ಆ ಮೊತ್ತ ಹಲವು ಲಕ್ಷಗಳಾಗಬಹುದು; ವಸೂಲಿಗೆ ಮನೆ, ಜಮೀನು ಜಪ್ತಿಯಾಗುವವರೆಗೂ ಹೋಗಬಹುದು. ಪ್ರೀಮಿಯಂ ಕಟ್ಟಿದ್ದರೂ ಅಂಥವನ ಮಟ್ಟಿಗೆ ವಿಮೆ ಸಾಲವಾಗಿ ಮಾರ್ಪಡುತ್ತದೆ.

ಮಾಲೀಕನ ಎಚ್ಚರ ಎಂದರೆ ಎಷ್ಟು? ನೇಮಿಸುವಾಗ ಲೈಸೆನ್ಸು ನೋಡಿ, ಓಡಿಸಲು ಬರುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು, ಆರ್‌ಟಿಒಗೆ ಹೋಗಿ ತನಿಖೆ ಮಾಡಬೇಕಿಲ್ಲ ಎಂಬುದು 2003ರ ಲೆಹ್ರು ತೀರ್ಪಿನಿಂದ 2022ರ ರಿಶಿ ಪಾಲ್ ಸಿಂಗ್ ತೀರ್ಪಿನವರೆಗೆ ಬಂದ ನಿಲುವು. ಇದಕ್ಕೆ ಒಂದು ಮಿತಿ ಹಾಕಿದ್ದು 2020ರ ಬೇಲಿ ರಾಮ್ ತೀರ್ಪು. ಲಾರಿ ಚಾಲಕನ ಲೈಸೆನ್ಸು ಮುಗಿದು ಮೂರು ವರ್ಷವಾದರೂ ನವೀಕರಣವಾಗಿದೆಯೇ ಎಂದು ನೋಡದ ಮಾಲೀಕ ಹೊಣೆಯಿಂದ ತಪ್ಪಿಸಿಕೊಳ್ಳಲಾರ ಎಂದಿತು ಸುಪ್ರೀಂ ಕೋರ್ಟ್. ಅಮಾನತಿಗೆ ಈ ಅಳತೆ ಹೇಗೆ ಹೊಂದುತ್ತದೆ? ಲೈಸೆನ್ಸು ಮುಗಿಯುವ ದಿನಾಂಕ ಕಾರ್ಡಿನ ಮೇಲೆಯೇ ಇರುತ್ತದೆ. ಅಮಾನತು ಅಲ್ಲಿ ಇರುವುದಿಲ್ಲ. ಆದರೆ 2020ರ ಅಕ್ಟೋಬರ್ 1ರಿಂದ ಅನರ್ಹತೆ ಹಾಗೂ ರದ್ದತಿಯ ವಿವರಗಳನ್ನು ಸರ್ಕಾರದ ಪೋರ್ಟಲ್ಲಿನಲ್ಲಿ ಕಾಲಾನುಕ್ರಮದಲ್ಲಿ ದಾಖಲಿಸಬೇಕೆಂದು ನಿಯಮ ಬಂದಿದೆ. ಲೈಸೆನ್ಸ್ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿ ಸ್ಥಿತಿ ನೋಡುವುದು ಮೊಬೈಲಿನಲ್ಲೇ ಆಗುವ ಕೆಲಸ. ಕಚೇರಿಗೆ ಅಲೆಯಬೇಕಾಗಿದ್ದ ಕಾಲದ ಅಳತೆಯನ್ನು ಬೆರಳ ತುದಿಯಲ್ಲಿ ಮಾಹಿತಿ ಸಿಗುವ ಕಾಲಕ್ಕೂ ಹಾಗೆಯೇ ಹಚ್ಚಬೇಕೇ ಎಂಬ ಪ್ರಶ್ನೆಯನ್ನು ಕಂಪನಿಗಳು ಮುಂದೆ ಎತ್ತುವುದು ಖಂಡಿತ ಎಂದು ನನ್ನ ಅಂದಾಜು. ಚಾಲಕರನ್ನು ಇಟ್ಟುಕೊಂಡವರು ಆಗಾಗ ಆ ಪೋರ್ಟಲ್ ನೋಡಿ, ನೋಡಿದ ದಿನಾಂಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

5. ಸ್ವಂತ ಕಾರಿನ ರಿಪೇರಿ

ಇಲ್ಲಿ ಕರುಣೆ ಕಡಿಮೆ. ಪ್ರತಿ ಪಾಲಿಸಿಯಲ್ಲೂ ಇರುವ ‘ಚಾಲಕನ ಕರಾರು’ ಎರಡು ಷರತ್ತು ಒಡ್ಡುತ್ತದೆ. ಅಪಘಾತದ ವೇಳೆ ಓಡಿಸುತ್ತಿದ್ದವನ ಬಳಿ ಬಲವುಳ್ಳ ಲೈಸೆನ್ಸು ಇರಬೇಕು, ಅವನು ಅನರ್ಹನಾಗಿರಬಾರದು. ಅಮಾನತಾದವನು ಈ ಎರಡರಲ್ಲೂ ಸೋಲುತ್ತಾನೆ. ಸ್ವರಣ್ ಸಿಂಗ್ ತೀರ್ಪಿನ ಉದಾರತೆ ಮೂರನೇ ವ್ಯಕ್ತಿಗಾಗಿ ಹುಟ್ಟಿದ್ದು, ಅದನ್ನು ಸ್ವಂತ ಹಾನಿಯ ಕ್ಲೇಮಿಗೆ ಎಳೆಯಲಾಗದು ಎಂದು 2007ರ ಲಕ್ಷ್ಮೀ ನಾರಾಯಣ್ ಧುತ್ ತೀರ್ಪು ತೀರ್ಮಾನಿಸಿದೆ. ದಾರಿಹೋಕನಿಗೂ ಕಂಪನಿಗೂ ನಡುವೆ ಶಾಸನವಿದೆ. ಮಾಲೀಕನಿಗೂ ಕಂಪನಿಗೂ ನಡುವೆ ಇರುವುದು ಬರಿಯ ಒಪ್ಪಂದ.

ಹಾಗೆಂದು ಅಮಾನತಿನ ಅವಧಿಯಲ್ಲಿ ಸ್ವಂತ ಹಾನಿಯ ಭಾಗ ಪೂರ್ತಿ ಸತ್ತುಹೋಗುತ್ತದೆ ಎನ್ನುವುದು ತಪ್ಪು. ಕರಾರು ಕೇಳುವುದು ಓಡಿಸುತ್ತಿದ್ದವನ ಲೈಸೆನ್ಸನ್ನು. ಮಳೆಗಾಲದಲ್ಲಿ ಬೆಂಗಳೂರಿನ ಬೀದಿಬದಿ ನಿಂತ ಕಾರಿನ ಮೇಲೆ ಮರ ಬಿದ್ದರೆ ಆಗ ಓಡಿಸುತ್ತಿದ್ದವರು ಯಾರೂ ಇಲ್ಲ. ನೆಲಮಾಳಿಗೆಗೆ ನೀರು ನುಗ್ಗಿದರೂ, ಕಾರು ಕಳವಾದರೂ ಹಾಗೆಯೇ. ಕಳವಿನ ಪ್ರಕರಣದಲ್ಲಿ ಕಾರಿನ ಬಳಕೆಯ ಕರಾರು ಮುರಿದಿದ್ದುದು ಮುಖ್ಯವಾಗುವುದಿಲ್ಲ ಎಂದು 2008ರ ನಿತಿನ್ ಖಂಡೇಲ್‌ವಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು; ಅಲ್ಲಿ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಲಾಗಿತ್ತು, ಕ್ಲೇಮಿನ ಶೇ. 75ರಷ್ಟು ಕೊಡುವ ಆದೇಶ ಉಳಿಯಿತು. ಅಮಾನತಾದವನ ಹೆಂಡತಿಯೋ ಮಗನೋ ಸಂಬಳದ ಚಾಲಕನೋ ಸಕ್ರಮ ಲೈಸೆನ್ಸಿನೊಂದಿಗೆ ಓಡಿಸುವಾಗ ಬಂಪರ್ ಜಜ್ಜಿದರೂ ಕ್ಲೇಮು ಸಲ್ಲುತ್ತದೆ. ಸರ್ವೇಯರ್ ಗ್ಯಾರೇಜಿಗೆ ಬಂದಾಗ ಕೇಳುವುದು ಆರ್‌ಸಿ, ಪಾಲಿಸಿ ಮತ್ತು ಓಡಿಸಿದವರ ಡಿಎಲ್. ಮಾಲೀಕನ ಡಿಎಲ್ ಏನಾಗಿದೆ ಎಂಬುದು ಅಲ್ಲಿ ಅಪ್ರಸ್ತುತ.

ಈ ಅನುಕೂಲವೇ ಒಂದು ಆಮಿಷಕ್ಕೂ ದಾರಿ. ತಾನು ಓಡಿಸಿ ಗುದ್ದಿದ ಮೇಲೆ ತಮ್ಮನ ಡಿಎಲ್ ಕೊಟ್ಟು ‘ಅವನೇ ಓಡಿಸುತ್ತಿದ್ದ’ ಎಂದು ಅರ್ಜಿ ತುಂಬುವುದು. ಸಿಸಿಟಿವಿ ದೃಶ್ಯ, ಎಫ್‌ಐಆರ್, ಆಸ್ಪತ್ರೆಯ ದಾಖಲೆ, ಯಾವುದಾದರೂ ಒಂದು ತಾಳೆಯಾಗದಿದ್ದರೆ ಸಾಕು, ಕ್ಲೇಮು ಕೈತಪ್ಪುವುದರ ಜೊತೆಗೆ ವಂಚನೆಯ ಮೊಕದ್ದಮೆಯೂ ಬೆನ್ನು ಹತ್ತುತ್ತದೆ.

ಕುಡಿತದ ಕಾರಣಕ್ಕೆ ಆದ ಅಮಾನತಿನಲ್ಲಿ ಇನ್ನೊಂದು ಎಚ್ಚರ. ಅಮಾನತು ಮುಗಿದು ಲೈಸೆನ್ಸು ಕೈಗೆ ಬಂದ ಮೇಲೂ ಅಮಲಿನಲ್ಲಿ ಓಡಿಸಿದರೆ, ಅಂಥ ಚಾಲನೆಯ ಹಾನಿಯನ್ನು ಪಾಲಿಸಿಯಿಂದ ಹೊರಗಿಡುವ ಕರಾರು ಪ್ರತ್ಯೇಕವಾಗಿಯೇ ನಿಲ್ಲುತ್ತದೆ. ದೆಹಲಿಯ ಇಂಡಿಯಾ ಗೇಟ್ ಬಳಿ 2007ರ ಡಿಸೆಂಬರಿನಲ್ಲಿ ಪಾದಚಾರಿ ಮಾರ್ಗಕ್ಕೆ ಗುದ್ದಿ ಉರಿದುಹೋದ ಪೋರ್ಷೆ ಕಾರಿನ ಕ್ಲೇಮನ್ನು ಕಂಪನಿ ತಿರಸ್ಕರಿಸಿತ್ತು. ರಕ್ತದಲ್ಲಿನ ಮದ್ಯದ ಪ್ರಮಾಣದ ವರದಿ ಇಲ್ಲದಿದ್ದರೂ ಉಳಿದ ಸಾಕ್ಷ್ಯಗಳ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು.

6. ಅರ್ಜಿಯಲ್ಲಿ ಮುಚ್ಚಿಟ್ಟರೆ

ಖಾಸಗಿ ಕಾರಿನ ಪೂರ್ಣ ಪ್ರಸ್ತಾವನಾ ಅರ್ಜಿಯಲ್ಲಿ ಚಾಲಕನ ವಿವರದ ಭಾಗವೊಂದಿದೆ. ಕಾರನ್ನು ಹೆಚ್ಚಾಗಿ ಯಾರು ಓಡಿಸುತ್ತಾರೆ, ಚಾಲಕ ಯಾವುದಾದರೂ ಅಪಘಾತಕ್ಕೆ ಕಾರಣನಾಗಿ ಶಿಕ್ಷೆಗೆ ಒಳಗಾಗಿದ್ದಾನೆಯೇ, ಮೊಕದ್ದಮೆ ಬಾಕಿ ಇದೆಯೇ ಎಂದು ಅದು ಕೇಳುತ್ತದೆ. ಆನ್‌ಲೈ‌ನ್‌ನಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ನವೀಕರಣದಲ್ಲಿ ಈ ಪ್ರಶ್ನೆಗಳು ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲ ಎಂಬ ದೋಷ ಹೊರಿಸುವುದು ಸುಲಭವಲ್ಲ. ಕೇಳಿದ್ದಕ್ಕೆ ಸುಳ್ಳು ಬರೆದರೆ ಮಾತ್ರ ಸ್ಥಿತಿ ಬೇರೆ.

ಮಹತ್ವದ ಸಂಗತಿಯನ್ನು ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪಡೆದ ಪಾಲಿಸಿ ಅಸಿಂಧು ಎಂಬುದು 150ನೇ ಕಲಂ ಕಂಪನಿಗೆ ಕೊಡುವ ಪ್ರತ್ಯೇಕ ರಕ್ಷಣೆ. ಯಲ್ಲವ್ವ ಪ್ರಕರಣದ ಪೂರ್ಣಪೀಠ ‘ಮೊದಲು ಕೊಟ್ಟು ಆಮೇಲೆ ವಸೂಲಿ’ಯ ನಿಯಮದಿಂದ ಹೊರಗಿಟ್ಟದ್ದು ಇದನ್ನೇ. ಕರಾರು ಮುರಿದರೆ ಗಾಯಾಳುವಿಗಾದರೂ ಹಣ ಸಿಗುತ್ತದೆ. ಪಾಲಿಸಿಯೇ ಅಸಿಂಧು ಎಂದು ಸಾಬೀತಾದರೆ ಕಂಪನಿಯ ಹೊಣೆಯೇ ಇಲ್ಲ. ಹಾಗಾಗಿ ಅಮಾನತಿಗಿಂತ ಅಮಾನತನ್ನು ಬಚ್ಚಿಡಲು ಹೇಳಿದ ಸುಳ್ಳು ಹೆಚ್ಚು ಅಪಾಯಕಾರಿ. ಹೇಳಿಕೊಂಡರೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದು ರೂಪಾಯಿಯೂ ಏರುವುದಿಲ್ಲ ಎಂಬುದನ್ನು ನೆನೆದರೆ ಆ ಸುಳ್ಳಿಗೆ ಲಾಭದ ಕಾರಣವೂ ಇಲ್ಲ.

7. ಅಮೆರಿಕದ ದಾರಿ

ಇದೇ ಪ್ರಶ್ನೆಗೆ ಅಮೆರಿಕದಲ್ಲಿ ಸಿಗುವ ಉತ್ತರ ತಲೆಕೆಳಗು. ಅಲ್ಲಿ ವಿಮೆಯ ಬೆಲೆ ಚಾಲಕನ ದಾಖಲೆಯನ್ನು ಹಿಂಬಾಲಿಸುತ್ತದೆ, ಮತ್ತು ಅನೇಕ ರಾಜ್ಯಗಳಲ್ಲಿ ಅಮಾನತಾದ ಲೈಸೆನ್ಸು ಮರಳಬೇಕಾದರೆ ಮೊದಲು ವಿಮೆಯ ಪುರಾವೆ ಬೇಕು. ಕನೆಕ್ಟಿಕಟ್ 1925ರಲ್ಲಿ ‘ಆರ್ಥಿಕ ಹೊಣೆಗಾರಿಕೆ’ ಕಾನೂನನ್ನೂ ಮ್ಯಾಸಚೂಸೆಟ್ಸ್ 1927ರಲ್ಲಿ ಕಡ್ಡಾಯ ವಿಮೆಯನ್ನೂ ತಂದವು. ಆರ್ಥಿಕ ಹೊಣೆಗಾರಿಕೆಯ ಆ ಕಲ್ಪನೆಯ ಕುಡಿ ಇಂದಿನ ಎಸ್‌ಆರ್-22. ಅದು ಪಾಲಿಸಿಯಲ್ಲ, ಈ ಚಾಲಕನಿಗೆ ಕನಿಷ್ಠ ವಿಮೆ ಇದೆ ಎಂದು ಕಂಪನಿ ನೇರವಾಗಿ ರಾಜ್ಯದ ಇಲಾಖೆಗೆ ಸಲ್ಲಿಸುವ ಪ್ರಮಾಣಪತ್ರ. ಸಾಮಾನ್ಯವಾಗಿ ಮೂರು ವರ್ಷ ಅದನ್ನು ಕಡಿಯದಂತೆ ಉಳಿಸಿಕೊಳ್ಳಬೇಕು. ಕಂತು ತಪ್ಪಿ ಪಾಲಿಸಿ ಬಿದ್ದರೆ ಕಂಪನಿಯೇ ಇಲಾಖೆಗೆ ತಿಳಿಸುತ್ತದೆ, ಲೈಸೆನ್ಸು ಮತ್ತೆ ಅಮಾನತಾಗುತ್ತದೆ. ಕುಡಿದು ಓಡಿಸಿದವರಿಗೆ ಫ್ಲಾರಿಡಾದಲ್ಲಿ ಎಫ್‌ಆರ್-44 ಎಂಬ ಇನ್ನೂ ಬಿಗಿಯಾದ ಪತ್ರವಿದೆ: ಒಬ್ಬರ ಗಾಯಕ್ಕೆ 1 ಲಕ್ಷ, ಒಂದು ಅಪಘಾತದ ಒಟ್ಟು ಗಾಯಗಳಿಗೆ 3 ಲಕ್ಷ, ಆಸ್ತಿ ಹಾನಿಗೆ 50 ಸಾವಿರ ಡಾಲರಿನ ವಿಮೆ ಬೇಕು. ಸ್ವಂತ ಕಾರಿಲ್ಲದವರಿಗೂ ಈ ಪತ್ರಕ್ಕಾಗಿ ‘ಮಾಲೀಕನಲ್ಲದವನ ಪಾಲಿಸಿ’ ಸಿಗುತ್ತದೆ. ಕಾರೇ ಇಲ್ಲದೆ ಕಾರು ವಿಮೆ ಎಂಬುದು ನಮ್ಮ ಪದ್ಧತಿಯಲ್ಲಿ ಊಹೆಗೂ ನಿಲುಕದ ಮಾತು. ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಸ್‌ಗೋ ಹೋಗಿ ನೆಲೆಸಿದ ಕನ್ನಡಿಗರು ಊರಿನ ಲೆಕ್ಕವನ್ನು ಅಲ್ಲಿಗೆ ಹಚ್ಚಿದರೆ ಎಡವುವುದು ಇಲ್ಲಿಯೇ.

ಆ ಪದ್ಧತಿಯ ಬಿಗಿಗೂ ಕಡಿವಾಣ ಬಿದ್ದದ್ದಿದೆ. ಜಾರ್ಜಿಯಾ ರಾಜ್ಯದ ಒಬ್ಬ ಪಾದ್ರಿಗೆ ವಿಮೆ ಇರಲಿಲ್ಲ. ಐದು ವರ್ಷದ ಬಾಲಕಿಯೊಬ್ಬಳ ಸೈಕಲ್ ಅವರ ಕಾರಿಗೆ ಬಂದು ಬಡಿಯಿತು. ತಪ್ಪು ಯಾರದೆಂದು ನೋಡದೆ ರಾಜ್ಯ ಅವರ ಲೈಸೆನ್ಸು ಅಮಾನತಿಗೆ ಹೊರಟಿತು. ಮೂರು ಹಳ್ಳಿಗಳ ಸಭೆಗಳಿಗೆ ಕಾರಿನಲ್ಲಿ ಓಡಾಡಬೇಕಾದವರಿಗೆ ಲೈಸೆನ್ಸು ಜೀವನೋಪಾಯ, ವಿಚಾರಣೆಯಿಲ್ಲದೆ ಅದನ್ನು ಕಸಿಯಲಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿತು. ನಮ್ಮ 19ನೇ ಕಲಮಿನಲ್ಲಿ ಅಹವಾಲು ಕೇಳುವ ಷರತ್ತೂ, ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿಯ ಹಕ್ಕೂ ಶಾಸನದಲ್ಲೇ ಇವೆ.

8. ತೀರ್ಮಾನ

ಅಮೆರಿಕದ ಪದ್ಧತಿ ತಪ್ಪಿತಸ್ಥ ಚಾಲಕನನ್ನು ಬಾಗಿಲಲ್ಲೇ ತಡೆದು ಹೆಚ್ಚು ಹಣ ಕೇಳುತ್ತದೆ. ಕಟ್ಟಲಾಗದ ಬಡವ ವಿಮೆಯೂ ಇಲ್ಲದೆ ಲೈಸೆನ್ಸೂ ಇಲ್ಲದೆ ರಸ್ತೆಗಿಳಿಯುವ ಅಪಾಯ ಅಲ್ಲಿದೆ. ನಮ್ಮದು ಬಾಗಿಲಲ್ಲಿ ಏನನ್ನೂ ಕೇಳುವುದಿಲ್ಲ, ಅದರಿಂದ ದಾರಿಹೋಕನಿಗೆ ಲಾಭವಿದೆ: ಅಮಾನತಾದವನ ಕಾರಿಗೂ ಥರ್ಡ್ ಪಾರ್ಟಿ ವಿಮೆ ಇರುತ್ತದೆ. ಇದನ್ನು ಕೆಡಿಸಬಾರದು. ಕೆಟ್ಟಿರುವುದು ಇನ್ನೊಂದು ಕಡೆ. ದುಡ್ಡು ಕಟ್ಟಿದವನಿಗೆ ತಾನು ಕೊಂಡದ್ದು ಏನು ಎಂಬ ಅರಿವಿಲ್ಲ. ಪಾಲಿಸಿ ಕೈಯಲ್ಲಿದೆ ಎಂಬ ಧೈರ್ಯದಲ್ಲಿ ‘ಇಲ್ಲೇ ಅಂಗಡಿವರೆಗೆ’ ಎಂದು ಕಾರು ತೆಗೆಯುವವನು ಮನೆಮಠವನ್ನೇ ಪಣಕ್ಕಿಡುತ್ತಿರುತ್ತಾನೆ.

ಪರಿಹಾರ ದುಬಾರಿಯಲ್ಲ. ಅಮಾನತಿನ ಆದೇಶದ ಕೊನೆಯಲ್ಲಿ ಆರ್‌ಟಿಒ ಕಚೇರಿ ಕನ್ನಡದಲ್ಲಿ ನಾಲ್ಕು ಸಾಲು ಸೇರಿಸಬಹುದು: ಈ ಅವಧಿಯಲ್ಲಿ ಪಾಲಿಸಿಯನ್ನು ನವೀಕರಿಸುತ್ತಲೇ ಇರಿ, ನೀವು ಓಡಿಸಿದರೆ ನಿಮ್ಮ ಕಾರಿನ ಹಾನಿಗೆ ಹಣ ಬರುವುದಿಲ್ಲ, ಬೇರೆಯವರಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದಲೇ ವಸೂಲು ಮಾಡಬಹುದು, ಲೈಸೆನ್ಸುಳ್ಳ ಬೇರೆಯವರು ಓಡಿಸಬಹುದು. ಅರ್ಹತೆಯ ಸ್ಥಿತಿ ಪೋರ್ಟಲ್ಲಿನಲ್ಲಿ ಇರುವಾಗ, ವೈಯಕ್ತಿಕ ಅಪಘಾತ ವಿಮೆಯ ಹಣ ಕಟ್ಟಿಸಿಕೊಳ್ಳುವ ಮುನ್ನ ಅದನ್ನೊಮ್ಮೆ ನೋಡುವ ಕರ್ತವ್ಯವನ್ನು ಐಆರ್‌ಡಿಎಐ ಕಂಪನಿಗಳ ಮೇಲೆ ಹೊರಿಸಬಹುದು. 206ನೇ ಕಲಮಿನ ಎರಡು ಬಗೆಯ ಚೀಟಿಗಳನ್ನು ಬೇರೆಬೇರೆ ಬಣ್ಣದಲ್ಲಿ ಮುದ್ರಿಸಿ, ಚಾಲನೆಗೆ ಅನುಮತಿ ಇದೆಯೋ ಇಲ್ಲವೋ ಎಂದು ದಪ್ಪಕ್ಷರದಲ್ಲಿ ಬರೆಯುವುದಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.